ಗೋದಲಿ ಖಾಲಿಯಾದ ಮೇಲೆ

ಕುದುರೆ ಲಾಯಗಳ ಒಡನಾಟದಲ್ಲಿ ಕಳೆದ ವರ್ಷಗಳನ್ನು ಈಗ ನೆನೆದರೆ, ಅಲ್ಲಿ ಮೇವಿನ ಮಾತೆಲ್ಲ ಕಿಲೋ ಲೆಕ್ಕದಲ್ಲೇ ನಡೆಯುತ್ತಿತ್ತು ಎನ್ನುವುದು ಎದ್ದು ಕಾಣುತ್ತದೆ. ಓಟ್ಸ್ ಎಷ್ಟು, ಬಾರ್ಲಿ ಎಷ್ಟು, ಬೇಯಿಸಿದ ಹುರುಳಿ ಎಷ್ಟು, ಬೂಸಾ ಎಷ್ಟು ಹಿಡಿ, ಹುಲ್ಲು ಎಷ್ಟು ಕಂತೆ: ಬೆಂಗಳೂರು, ಮೈಸೂರಿನ ರೇಸ್ ಕೋರ್ಸುಗಳ ಸುತ್ತಮುತ್ತ ಕುದುರೆ ಬಲ್ಲವರು ಸೇರಿದಲ್ಲೆಲ್ಲ ಇದೇ ಚರ್ಚೆ. ಗೋದಲಿಯನ್ನು ನೆಕ್ಕಿ ಚೊಕ್ಕ ಮಾಡಿದ ಕುದುರೆ ಒಳ್ಳೆಯ ಕುದುರೆ. ‘ಒಂದು ಕಾಳೂ ಬಿಟ್ಟಿಲ್ಲ ಸಾರ್’ ಎಂದು ಕುದುರೆ ನೋಡಿಕೊಳ್ಳುವ ಸೈಸ್ ಹೇಳಿದರೆ ಟ್ರೇನರ್‌ಗೂ ಸಮಾಧಾನ, ಮಾಲೀಕರಿಗೂ ಸಮಾಧಾನ. ಅಷ್ಟನ್ನು ತಿನ್ನಲು ಅದಕ್ಕೆ ಎಷ್ಟು ಹೊತ್ತು ಹಿಡಿಯಿತು, ತಿಂದು ಮುಗಿಸಿದ ಮೇಲೆ ಮುಂದಿನ ಮೇವು ಬರುವವರೆಗೆ ಏನು ಮಾಡಿಕೊಂಡಿತ್ತು ಎಂಬ ಪ್ರಶ್ನೆ ಏಳುತ್ತಲೇ ಇರಲಿಲ್ಲ. ಕುದುರೆಯ ಮೇವನ್ನು ತೂಕದಲ್ಲಿ ಅಳೆಯುವಷ್ಟೇ ಎಚ್ಚರದಿಂದ ಹೊತ್ತಿನಲ್ಲೂ ಅಳೆಯಬೇಕು ಎಂಬುದು ನನ್ನ ವಾದ. ಮೃಗಾಲಯದವರು ‘ಎನ್‌ರಿಚ್‌ಮೆಂಟ್’ ಎನ್ನುವ, ಮೇವನ್ನು ಹುಡುಕಿ, ಆರಿಸಿ, ಎಳೆದು, ಉರುಳಿಸಿ ತಿನ್ನುವಂತೆ ಮಾಡುವ ಕ್ರಮಗಳನ್ನು ಲಾಯಕ್ಕೂ ತರಬೇಕೆಂದು ನಾನು ಹೇಳುತ್ತ ಬಂದದ್ದು ಈ ಕಾರಣಕ್ಕೆ. ಅದನ್ನು ಹಣವಂತರ ಶೋಕಿ ಎಂದು ತಳ್ಳಿಹಾಕಿದವರೇ ಹೆಚ್ಚು. ಅವರ ಆಕ್ಷೇಪಗಳಲ್ಲಿ ಒಂದೆರಡರಲ್ಲಿ ಹುರುಳಿದೆ, ಅವಕ್ಕೆ ಆಮೇಲೆ ಬರುತ್ತೇನೆ.

ಮೊದಲು ಹೊಟ್ಟೆಯ ವಿಚಾರ. ಸುಮಾರು 450–500 ಕಿಲೋ ತೂಗುವ ಪ್ರಾಣಿಗೆ ಇರುವ ಜಠರ 8ರಿಂದ 15 ಲೀಟರಿನಷ್ಟು ಚಿಕ್ಕದು. ಹಸು ಎಮ್ಮೆಗಳಂತೆ ಒಮ್ಮೆ ತುಂಬಿಕೊಂಡು ಆಮೇಲೆ ಮಲಗಿ ಮೆಲುಕು ಹಾಕುವ ಅನುಕೂಲ ಕುದುರೆಗಿಲ್ಲ. ಅದು ಬಯಲಲ್ಲಿ ಸ್ವಲ್ಪ ಸ್ವಲ್ಪವಾಗಿ, ಹೆಜ್ಜೆ ಹಾಕುತ್ತ, ಹಗಲೂ ರಾತ್ರಿಯೂ ಮೇಯಲೆಂದೇ ಆದ ದೇಹ. ಸ್ವತಂತ್ರವಾಗಿ ಬಿಟ್ಟ ಕುದುರೆ ದಿನದಲ್ಲಿ 14ರಿಂದ 18 ಗಂಟೆ ಮೇಯುವುದರಲ್ಲೇ ಕಳೆಯುತ್ತದೆ. ಇದಕ್ಕೆ ಹೊಂದಿಕೊಂಡೇ ಅದರ ಜಠರದಲ್ಲಿ ಆಮ್ಲ ಬಿಡುವಿಲ್ಲದೆ ಒಸರುತ್ತಿರುತ್ತದೆ, ಹೊಟ್ಟೆಯಲ್ಲಿ ಮೇವು ಇರಲಿ ಬಿಡಲಿ. ಆ ಆಮ್ಲವನ್ನು ತಣಿಸುವ ಜೊಲ್ಲು ಮಾತ್ರ ಅಗಿಯುವಾಗಷ್ಟೇ ಬರುತ್ತದೆ. ದವಡೆ ನಿಂತರೆ ಜೊಲ್ಲೂ ನಿಂತಿತು, ಆಮ್ಲ ನಿಲ್ಲಲಿಲ್ಲ. ಜಠರದ ಮೇಲರ್ಧಕ್ಕೆ ಕೆಳಗಿನ ಅರ್ಧಕ್ಕಿರುವಂಥ ಲೋಳೆಯ ರಕ್ಷಣೆ ಇಲ್ಲದಿರುವುದರಿಂದ, ಖಾಲಿ ಹೊಟ್ಟೆಯಲ್ಲಿ ಓಡಿಸಿದಾಗ ಆಮ್ಲ ಮೇಲಕ್ಕೆ ಚಿಮ್ಮಿ ಅಲ್ಲಿ ಹುಣ್ಣಾಗುತ್ತದೆ. ತರಬೇತಿಯಲ್ಲಿರುವ ರೇಸ್ ಕುದುರೆಗಳಿಗೆ ಎಂಡೋಸ್ಕೋಪ್ ಹಾಕಿ ನೋಡಿದ ಕಡೆಯಲ್ಲೆಲ್ಲ ಹುಣ್ಣಿರುವವೇ ಹೆಚ್ಚು ಸಿಕ್ಕಿವೆ. ‘ನಮ್ಮ ಕುದುರೆಗಳು ಚೆನ್ನಾಗೇ ಇವೆಯಲ್ಲ’ ಎನ್ನುವವರಿಗೆ ಇದನ್ನು ಹೇಳಬೇಕು. ಹುಣ್ಣು ಹೊರಗೆ ಕಾಣುವುದಿಲ್ಲ, ಕುದುರೆ ನರಳುವುದೂ ಇಲ್ಲ. ಕಾಳಿನ ಮೇವಾದ ದಾನಾ ಅರ್ಧ ಬಿಟ್ಟಿತು, ಜೀನು ಬಿಗಿಯುವಾಗ ಕಿವಿ ಹಿಂದಕ್ಕೆ ಮಾಡಿತು, ಓಟದಲ್ಲಿ ಕೊನೆಯ ಫರ್ಲಾಂಗಿನಲ್ಲಿ ಮನಸ್ಸು ಮಾಡಲಿಲ್ಲ ಎಂಬಷ್ಟರಲ್ಲೇ ಅದು ಅಡಗಿರುತ್ತದೆ.

ಈಗ ಲಾಯದ ದಿನದ ಲೆಕ್ಕ ಹಾಕಿ. ಒಂದು ಕಿಲೋ ಓಟ್ಸ್ ಅಗಿದು ಮುಗಿಸಲು ಕುದುರೆಗೆ ಹತ್ತು ನಿಮಿಷ ಸಾಕು, ಸುಮಾರು ಸಾವಿರ ಅಗಿತ. ಅದೇ ಒಂದು ಕಿಲೋ ಒಣಹುಲ್ಲಿಗೆ ನಲವತ್ತು ನಿಮಿಷ ಬೇಕು, ಅಗಿತ ಮೂರು ಸಾವಿರ ದಾಟುತ್ತದೆ. ಆರು ಕಿಲೋ ದಾನಾ, ಐದು ಕಿಲೋ ಹುಲ್ಲು ಎಂದಿಟ್ಟುಕೊಂಡರೆ ಒಟ್ಟು ನಾಲ್ಕು ಗಂಟೆ ಇಪ್ಪತ್ತು ನಿಮಿಷದ ಊಟ. ಮುಂಜಾನೆಯ ಕಸರತ್ತು, ನಡಿಗೆ, ಮಾಲೀಷು ಎಲ್ಲ ಸೇರಿ ಎರಡು ಗಂಟೆ ಎನ್ನಿ. ಕುದುರೆಯ ನಿದ್ದೆ ಬಲು ಕಡಿಮೆ, ಮೂರರಿಂದ ಐದು ಗಂಟೆ, ಅದೂ ತುಂಡುತುಂಡಾಗಿ. ಇವನ್ನೆಲ್ಲ ಕಳೆದ ಮೇಲೂ ದಿನದಲ್ಲಿ ಹನ್ನೆರಡು ಗಂಟೆಗಿಂತ ಹೆಚ್ಚು ಹೊತ್ತು ಮೂರು ಗೋಡೆ, ಒಂದು ಅರ್ಧ ಬಾಗಿಲು, ಖಾಲಿ ಗೋದಲಿ ಇಷ್ಟೇ ಅದರ ಲೋಕ. ಕುಣಿಗಲ್‌ನಂಥ ಸ್ಟಡ್ ಫಾರ್ಮಿನ ಬಯಲಲ್ಲಿ ತಾಯಿಯ ಮಗ್ಗುಲಲ್ಲಿ ಮೇಯುತ್ತ ಬೆಳೆದ ಮರಿ ಎರಡು ವರ್ಷದ ಹೊತ್ತಿಗೆ ನಗರದ ಲಾಯ ಸೇರುತ್ತದೆ. ಅಲ್ಲಿ ಅದಕ್ಕೆ ಪೌಷ್ಟಿಕತೆಯಲ್ಲಿ ಏನೂ ಕೊರತೆಯಾಗುವುದಿಲ್ಲ, ಮುಂಚಿಗಿಂತ ಬಲವಾದ ದಾನಾವೇ ಸಿಗುತ್ತದೆ. ಕಳೆದುಹೋಗುವುದು ಮೇಯುವ ಹೊತ್ತು.

ಆ ಹೊತ್ತನ್ನು ಕುದುರೆ ಯಾವುದರಿಂದಲಾದರೂ ತುಂಬಿಕೊಳ್ಳುತ್ತದೆ. ಬಾಗಿಲಲ್ಲಿ ನಿಂತು ಕತ್ತನ್ನು ಎಡಕ್ಕೂ ಬಲಕ್ಕೂ ತೂಗುವುದು, ಲಾಯದೊಳಗೆ ಸುತ್ತು ಹೊಡೆಯುವುದು, ಬಾಗಿಲ ಅಂಚನ್ನು ಹಲ್ಲಲ್ಲಿ ಕಚ್ಚಿಹಿಡಿದು ಕತ್ತು ಬಿಗಿದು ಗೊರ್ ಎಂದು ಗಾಳಿ ಎಳೆಯುವುದು. ಇವಕ್ಕೆ ಲಾಯದವರ ಬಾಯಲ್ಲಿ ಇರುವುದು ಒಂದೇ ಹೆಸರು: ಚಟ. ಚಟ ಎಂದ ಮೇಲೆ ಬಿಡಿಸುವ ದಾರಿಯೂ ಅದಕ್ಕೆ ತಕ್ಕದ್ದೇ. ಕತ್ತಿಗೆ ಬಿಗಿಯಾದ ಪಟ್ಟಿ, ಮರದ ಅಂಚಿಗೆ ತಗಡು, ಮೆಣಸಿನ ಪುಡಿ, ಕಹಿ ಎಣ್ಣೆ. ಇದನ್ನೆಲ್ಲ ಮಾಡಿದವರು ಕ್ರೂರಿಗಳೇನಲ್ಲ, ಕುದುರೆಯ ಹಲ್ಲು ಸವೆಯುವುದನ್ನು, ಹೊಟ್ಟೆ ಶೂಲೆ ಬರುವುದನ್ನು ಕಂಡು ಹೆದರಿದವರು. ಆದರೆ ಕಾರಣವನ್ನು ಕುದುರೆಯ ಸ್ವಭಾವದಲ್ಲಿ ಹುಡುಕಿದರೇ ಹೊರತು ಗೋದಲಿಯಲ್ಲಿ ಹುಡುಕಲಿಲ್ಲ. ಬ್ರಿಟನ್ನಿನಲ್ಲಿ ಮೆಕ್‌ಗ್ರೀವಿ ಮತ್ತು ಸಂಗಡಿಗರು ರೇಸ್ ಲಾಯಗಳ ಬಗ್ಗೆ 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೆ 6.8 ಕಿಲೋಗಿಂತ ಕಡಿಮೆ ಹುಲ್ಲು ಕೊಡುವ ಕಡೆ ಇಂಥ ನಡವಳಿಕೆ ಹೆಚ್ಚು ಎಂದು ಕಂಡುಬಂತು. ಪಕ್ಕದ ಕುದುರೆ ಕಣ್ಣಿಗೆ ಬೀಳದ ಲಾಯ, ಹುಲ್ಲಿನ ಹಾಸಿಗೆ ಇಲ್ಲದ ಲಾಯ ಇವೂ ಅದೇ ಸಾಲಿಗೆ ಸೇರಿದವು. 2002ರಲ್ಲಿ ಬಂದ ಇನ್ನೊಂದು ಅಧ್ಯಯನ 225 ಮರಿಗಳನ್ನು ನಾಲ್ಕು ವರ್ಷ ಹಿಂಬಾಲಿಸಿ ನೋಡಿತು. ತಾಯಿಯಿಂದ ಬಿಡಿಸಿದ ಮೇಲೆ ದಾನಾ ಕೊಡಲು ತೊಡಗಿದ ಮರಿಗಳಲ್ಲಿ ಮರ ಕಚ್ಚುವ ಅಭ್ಯಾಸ ನಾಲ್ಕು ಪಟ್ಟು. ಗಮನಿಸಿ, ದಾನಾ ಕಡಿಮೆ ಕೊಟ್ಟದ್ದಕ್ಕಲ್ಲ, ಕೊಟ್ಟದ್ದಕ್ಕೆ. ನಮ್ಮಲ್ಲಿ ಮರಿಯ ಮೇಲಿನ ಪ್ರೀತಿ ಎಂದರೆ ದಾನಾದ ಬಟ್ಟಲು ದೊಡ್ಡದಾಗುವುದು ಎಂದೇ ಅರ್ಥ.

ಹಾಗಾದರೆ ಏನು ಮಾಡಬೇಕು ಎಂದಾಗ ಎನ್‌ರಿಚ್‌ಮೆಂಟಿನ ಹೆಸರಲ್ಲಿ ಮೊದಲು ನೆನಪಾಗುವುದು ಬಣ್ಣದ ಚೆಂಡು, ತೂಗುಬಿಟ್ಟ ಆಟಿಕೆ, ನೆಕ್ಕುವ ಸಿಹಿ ಗಡ್ಡೆ. ನನ್ನ ಕ್ರಮ ಬೇರೆ. ಮೊದಲು ಹುಲ್ಲು, ಆಮೇಲೆ ಹುಲ್ಲಿನಲ್ಲಿ ವೈವಿಧ್ಯ, ಕಟ್ಟಕಡೆಗೆ ಚೆಂಡು. ಹುಲ್ಲನ್ನೇ ನಿಧಾನವಾಗಿ ತಿನ್ನಿಸುವ ಉಪಾಯ ಹುಲ್ಲು ತುಂಬಿ ತೂಗುಹಾಕುವ ಬಲೆ, ಹೇ ನೆಟ್, ಅದರಲ್ಲೂ ಸಣ್ಣ ಕಣ್ಣಿನದು. ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾಲಯದವರು 2014ರಲ್ಲಿ ಇದನ್ನು ಅಳೆದು ನೋಡಿದರು. ದೇಹತೂಕದ ನೂರಕ್ಕೆ ಒಂದರಷ್ಟು ಹುಲ್ಲನ್ನು ನೆಲದ ಮೇಲೆ ಹಾಕಿದರೆ ಕುದುರೆ 3.1 ಗಂಟೆಯಲ್ಲಿ ಮುಗಿಸಿತು. ದೊಡ್ಡ ಕಣ್ಣಿನ ನೆಟ್ಟಿನಲ್ಲಿ 3.4 ಗಂಟೆ, ಅಂದರೆ ಅದನ್ನು ಕಟ್ಟಿದ್ದೇ ದಂಡ. ಮಧ್ಯಮದಲ್ಲಿ 5.1, ಸಣ್ಣ ಕಣ್ಣಿನದರಲ್ಲಿ 6.5 ಗಂಟೆ. ಅದೇ ಹುಲ್ಲು, ಅದೇ ಖರ್ಚು, ಹೊತ್ತು ಮಾತ್ರ ಎರಡರಷ್ಟು. ಸಣ್ಣ ಕಣ್ಣಿನ ನೆಟ್ಟಿನ ಮುಂದೆ ಹೊಸದಾಗಿ ನಿಂತ ಕುದುರೆಯನ್ನು ಹತ್ತಿರದಿಂದ ನೋಡಬೇಕು. ಮೊದಲು ಹಲ್ಲಲ್ಲಿ ಹಗ್ಗವನ್ನೇ ಹಿಡಿದು ಜಗ್ಗುತ್ತದೆ, ಇಡೀ ನೆಟ್ಟು ಗೋಡೆಗೆ ಬಡಿಯುತ್ತದೆ, ಬಾಯಿಗೆ ಏನೂ ಬರುವುದಿಲ್ಲ. ಆಮೇಲೆ ಮೇಲ್ತುಟಿ ಕೆಲಸಕ್ಕಿಳಿಯುತ್ತದೆ. ಮೂಗಿನ ನೇರ ಕೆಳಗೆ ಏನಿದೆ ಎಂಬುದು ಕುದುರೆಯ ಕಣ್ಣಿಗೆ ಕಾಣದು. ಅದು ತುಟಿಯಿಂದ, ತುಟಿಯ ಸುತ್ತಲಿನ ಉದ್ದ ಕೂದಲುಗಳಿಂದ ತಡವಿ ತಿಳಿಯುತ್ತದೆ. ಹೊರಕ್ಕೆ ಇಣುಕಿದ ಒಂದು ಕಡ್ಡಿಯನ್ನು ತುಟಿ ಮಡಿಸಿ ಹಿಡಿದು, ಕತ್ತನ್ನು ಸ್ವಲ್ಪ ಓರೆ ಮಾಡಿ ಎಳೆದರೆ ಎರಡೋ ಮೂರೋ ಎಳೆ ಜೊತೆಗೆ ಬರುತ್ತವೆ. ಚಂದಕ್ಕೆಂದು ಮೂತಿಯ ಆ ಕೂದಲನ್ನು ನುಣ್ಣಗೆ ಬೋಳಿಸುವ ಪದ್ಧತಿ ಎಷ್ಟು ಅವಿವೇಕದ್ದು ಎಂಬುದು ಅಲ್ಲೇ ಗೊತ್ತಾಗುತ್ತದೆ. ನೆಟ್ಟನ್ನು ತೀರಾ ಮೇಲೆ ಕಟ್ಟಿದರೆ ಧೂಳು ಕಣ್ಣಿಗೂ ಶ್ವಾಸಕ್ಕೂ ಹೋಗುತ್ತದೆ, ತೀರಾ ಕೆಳಗೆ ಕಟ್ಟಿದರೆ ಲಾಳ ಸಿಕ್ಕಿಕೊಳ್ಳುತ್ತದೆ. ಖಾಲಿಯಾದಾಗ ಜೋತುಬೀಳುವ ತುದಿ ಮೊಣಕಾಲಿಗೆ ತಾಕದಂತಿದ್ದರೆ ಸರಿ.

ವೈವಿಧ್ಯದ ಮಾತಿಗೆ ಬಂದರೆ, ‘ಪ್ರಾಣಿಗೆ ರುಚಿ ಏನು, ಒಂದೇ ಮೇವಾದರೆ ಹೊಟ್ಟೆಗೆ ಹಿತ’ ಎಂಬ ಮಾತು ಲಾಯಗಳಲ್ಲಿ ಬೇರೂರಿದೆ. ಅದರಲ್ಲಿ ಅರ್ಧ ನಿಜ. ಮೇವನ್ನು ದಿಢೀರನೆ ಬದಲಿಸಿದರೆ ದೊಡ್ಡ ಕರುಳಿನ ಜೀವಾಣುಗಳು ಕೆಟ್ಟು ಶೂಲೆ ಬರುವ ಅಪಾಯವಿದೆ. ಆದರೆ ಇಂದೊಂದು ನಾಳೆಯೊಂದು ಕೊಡುವುದು ಬೇರೆ, ಪರಿಚಯವಾದ ಮೂರು ನಾಲ್ಕು ಬಗೆಯನ್ನು ದಿನವೂ ಒಟ್ಟಿಗೆ ಇಡುವುದು ಬೇರೆ. ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಡೆಬೊರಾ ಗುಡ್ವಿನ್ ಮತ್ತು ಸಂಗಡಿಗರು 2002ರಲ್ಲಿ ಇದನ್ನು ಪರೀಕ್ಷಿಸಿದರು. ಒಂದೇ ಹುಲ್ಲಿದ್ದ ಲಾಯಕ್ಕಿಂತ ಹಲವು ಬಗೆಯ ಹುಲ್ಲಿದ್ದ ಲಾಯದಲ್ಲಿ ಕುದುರೆಗಳು ಹೆಚ್ಚು ಬಾರಿ, ಹೆಚ್ಚು ಹೊತ್ತು ಮೇದವು. ಇಷ್ಟದ ಮೇವು ಕಣ್ಣೆದುರೇ ಇದ್ದಾಗಲೂ ಉಳಿದವನ್ನು ಹುಡುಕಿ ಹೋಗಿ ರುಚಿ ನೋಡಿದವು. ಅದೇ ತಂಡ 2005ರಲ್ಲಿ ಹದಿನೈದು ಬಗೆಯ ವಾಸನೆ ಬೆರೆಸಿದ ದಾನಾ ಇಟ್ಟು ಯಾವುದು ಮೆಚ್ಚುಗೆ ಎಂದು ನೋಡಿತು. ಬ್ರಿಟಿಷ್ ಕುದುರೆಗಳು ಮೊದಲ ಸ್ಥಾನ ಕೊಟ್ಟದ್ದು ಮೆಂತ್ಯಕ್ಕೆ, ಎರಡನೆಯದು ಬಾಳೆಹಣ್ಣಿಗೆ. ಜೀರಿಗೆಯೂ ಮೆಚ್ಚಿನ ಎಂಟರಲ್ಲಿ ಒಂದು. ಕೊತ್ತಂಬರಿ, ಜಾಯಿಕಾಯಿ ಹಿಡಿಸಲಿಲ್ಲ. ಸಾಮಾನ್ಯವಾಗಿ ಮುಟ್ಟದ ಖನಿಜದ ಗುಳಿಗೆಯನ್ನೂ ಮೆಂತ್ಯದ ವಾಸನೆ ಸೇರಿಸಿದಾಗ ತಿಂದವು. ಔಷಧಿ ತಿನ್ನಿಸಲು ಒದ್ದಾಡುವ ನಮ್ಮ ಲಾಯಗಳಲ್ಲಿ, ಅಡುಗೆಮನೆಯ ಡಬ್ಬದಲ್ಲೇ ಇರುವ ಈ ಉಪಾಯವನ್ನು ಬಳಸಿದವರು ತೀರ ವಿರಳ. ನಮಗೆ ಇಲ್ಲಿ ಗರಿಕೆ ಇದೆ, ಕುದುರೆಮಸಾಲೆ ಸೊಪ್ಪಿದೆ, ಒಣಹುಲ್ಲಿದೆ. ಇವನ್ನು ಕತ್ತರಿಸಿ ಒಂದೇ ಬುಟ್ಟಿಯಲ್ಲಿ ಕಲಸಿ ಹಾಕುವ ಬದಲು ಲಾಯದ ಮೂರು ಮೂಲೆಯಲ್ಲಿ ಬೇರೆ ಬೇರೆ ಇಟ್ಟರೆ ಕುದುರೆ ನಡೆದು ಹೋಗಿ ಆರಿಸಿ ತಿನ್ನುತ್ತದೆ. ಆ ನಾಲ್ಕು ಹೆಜ್ಜೆಯೂ ಅದಕ್ಕೆ ಬೇಕಾದದ್ದೇ.

ಚೆಂಡಿನ ಮೂಲ ಕುದುರೆ ಲಾಯವಲ್ಲ, ಹಂದಿ ದೊಡ್ಡಿ. ಎಡಿನ್‌ಬರೋದಲ್ಲಿ 1990ರ ದಶಕದಲ್ಲಿ ಹಂದಿಗಳಿಗೆಂದು ಮಾಡಿದ ‘ಫುಡ್‌ಬಾಲ್’ ಮುಂದೆ ಕುದುರೆಗಳ ‘ಈಕ್ವಿಬಾಲ್’ಗೆ ದಾರಿಯಾಯಿತು. ಉರುಳಿಸಿದಾಗ ಒಂದು ತೂತಿನಿಂದ ಒಂದೆರಡು ಗುಳಿಗೆ ಬೀಳುತ್ತದೆ, ಅಷ್ಟೇ ಅದರ ಯಂತ್ರ. 2001ರಲ್ಲಿ ಹೆಂಡರ್ಸನ್ ಮತ್ತು ವಾರನ್ ಇದನ್ನು ಲಾಯದ ಚಟವಿದ್ದ ಕೆಲವೇ ಕುದುರೆಗಳಿಗೆ ಕೊಟ್ಟು ನೋಡಿದಾಗ ಚಟ ತಗ್ಗಿತು. ತೀರ ಸಣ್ಣ ಪ್ರಯೋಗ, ಅದರ ಮೇಲೆ ಮಹಲು ಕಟ್ಟುವಂತಿಲ್ಲ. ಚೆಂಡಿನ ಬಗ್ಗೆ ನನ್ನ ಉತ್ಸಾಹ ಮಿತವಾಗಿರಲು ಬೇರೆ ಕಾರಣಗಳೂ ಇವೆ. ಅದರೊಳಗೆ ತುಂಬುವುದು ಸಾಮಾನ್ಯವಾಗಿ ಸಿಹಿ ಗುಳಿಗೆ, ಹುಲ್ಲಲ್ಲ. ಹಸಿದ ಕುದುರೆ ಅದನ್ನು ಆಡುವುದಿಲ್ಲ, ಅದರ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತದೆ: ಕಾಲಲ್ಲಿ ಕೆರೆಯುತ್ತದೆ, ಮೂಲೆಗೆ ಒತ್ತಿ ಕಚ್ಚುತ್ತದೆ. ಹುಲ್ಲು ತಿಂದು ಹೊಟ್ಟೆ ತಣ್ಣಗಿರುವ ಕುದುರೆ ಮಾತ್ರ ಮೂತಿಯಿಂದ ಮೆಲ್ಲಗೆ ತಳ್ಳಿ, ಗುಳಿಗೆ ಬಿದ್ದ ಸದ್ದಿಗೆ ನಿಂತು, ಹುಡುಕಿ ತಿಂದು, ಮತ್ತೆ ತಳ್ಳುತ್ತದೆ. ಹೀಗಿರುವಾಗ ‘ಇವೆಲ್ಲ ಪ್ರಾಣಿಯನ್ನು ರೇಗಿಸುವ ಆಟ’ ಎಂಬ ಆಕ್ಷೇಪವನ್ನು ನಾನು ಅಲ್ಲಗಳೆಯುವುದಿಲ್ಲ. ಕ್ರಮ ತಪ್ಪಿದರೆ ಆಗುವುದು ಅದೇ. ಊಟಕ್ಕೆ ಬದಲಾಗಿ ಚೆಂಡು ಕೊಡುವುದಕ್ಕೂ ಊಟದ ಜೊತೆಗೆ ಚೆಂಡು ಕೊಡುವುದಕ್ಕೂ ಇರುವ ಅಂತರವನ್ನು ಗಮನಿಸದವರು ಅದನ್ನು ಕೊಳ್ಳದಿರುವುದೇ ವಾಸಿ.

ಹೆಚ್ಚು ತೂಕದ ಆಕ್ಷೇಪ ಟ್ರೇನರ್‌ಗಳದ್ದು. ಹುಲ್ಲು ಹೊಟ್ಟೆ ತುಂಬಿಸುತ್ತದೆ, ಕರುಳಿನಲ್ಲಿ ನೀರು ಹಿಡಿದಿಡುತ್ತದೆ, ಆ ಭಾರ ಹೊತ್ತು ಕುದುರೆ ಓಡಬೇಕು; ಓಟಕ್ಕೆ ಬೇಕಾದ ಶಕ್ತಿ ಹುಲ್ಲಿನಿಂದ ಬರುವುದಿಲ್ಲ. ಇದು ಉಡಾಫೆಯ ಮಾತಲ್ಲ, ಕಿಲೋಗಳ ಅಂತರದಲ್ಲಿ ಹಣೆಬರಹ ತೀರ್ಮಾನವಾಗುವ ಆಟ ಅದು. ಆದರೂ ಎರಡು ಉತ್ತರ ಇವೆ. ಓಟದ ಹಿಂದಿನ ದಿನ ಹುಲ್ಲು ತಗ್ಗಿಸುವುದು ಒಂದು ಮಾತು, ತಿಂಗಳುಗಟ್ಟಲೆ ಅರೆಹುಲ್ಲಿನಲ್ಲಿ ಇಡುವುದು ಇನ್ನೊಂದು. ಮೊದಲನೆಯದರ ನೆವದಲ್ಲಿ ಎರಡನೆಯದು ನಡೆದುಹೋಗುತ್ತದೆ. ಇನ್ನು ಶಕ್ತಿಯ ವಿಚಾರದಲ್ಲಿ, ಸ್ವೀಡನ್ನಿನ ಕೃಷಿ ವಿಶ್ವವಿದ್ಯಾಲಯದ ಸಂಶೋಧಕರು ಗಾಡಿ ಎಳೆದು ಓಡುವ ಟ್ರಾಟರ್ ಕುದುರೆಗಳನ್ನು ಬರೀ ಹುಲ್ಲಿನ ಮೇಲೆ ತರಬೇತಿಗೊಳಿಸಿ ತೋರಿಸಿದ್ದಾರೆ. ಅವರ ಹುಲ್ಲು ಎಳೆಯದಾಗಿರುವಾಗಲೇ ಕೊಯ್ದದ್ದು, ಸತ್ವವುಳ್ಳದ್ದು. ನಮ್ಮಲ್ಲಿ ಬಲಿತು ಕಡ್ಡಿಯಾದ ಹುಲ್ಲಿನಿಂದ ಅದನ್ನು ನಿರೀಕ್ಷಿಸಲಾಗದು, ಹಾಗೆಂದು ನಾನು ಹೇಳುತ್ತಲೂ ಇಲ್ಲ. ದಾನಾ ಇರಲಿ. ಅದನ್ನು ಮೂರು ದೊಡ್ಡ ಊಟದ ಬದಲು ನಾಲ್ಕೈದು ಸಣ್ಣ ಊಟವಾಗಿಸಿ. ಬೆಳಗಿನ ಕಸರತ್ತಿಗೆ ಅರ್ಧ ಗಂಟೆ ಮುಂಚೆ ಒಂದೆರಡು ಹಿಡಿ ಕುದುರೆಮಸಾಲೆ ಕೊಡಿ. ಅದರ ನಾರು ಜಠರದಲ್ಲಿ ಆಮ್ಲದ ಮೇಲೆ ಚಾಪೆ ಹಾಸಿದಂತೆ ಕೂರುತ್ತದೆ, ಅದರಲ್ಲಿರುವ ಸುಣ್ಣದಂಶವೂ ಆಮ್ಲವನ್ನು ತಗ್ಗಿಸುತ್ತದೆ. ಒಂದೆರಡು ಹಿಡಿಯ ಭಾರದಿಂದ ಯಾವ ಕುದುರೆಯೂ ಸೋತದ್ದಿಲ್ಲ.

‘ಇದರಿಂದ ಚಟ ಬಿಡುತ್ತದೆಯೇ’ ಎಂದು ಕೇಳುವವರಿಗೆ ನೇರ ಉತ್ತರ, ಹಳೆಯ ಚಟವಾದರೆ ಬಹುಪಾಲು ಬಿಡುವುದಿಲ್ಲ. ವರ್ಷಾನುಗಟ್ಟಲೆ ಮರ ಕಚ್ಚಿದ ಕುದುರೆಯ ಮಿದುಳೇ ಆ ಜಾಡಿಗೆ ಒಗ್ಗಿಹೋಗಿರುತ್ತದೆ. ಗೋದಲಿ ತುಂಬಿದರೆ ಕಚ್ಚುವುದು ಕಡಿಮೆಯಾಗಬಹುದು, ನಿಲ್ಲುವುದು ಅಪರೂಪ. ಇಷ್ಟಕ್ಕೇ ‘ಎಲ್ಲ ವ್ಯರ್ಥ’ ಎಂದು ಕೈಬಿಟ್ಟವರಿದ್ದಾರೆ. ನನಗೆ ಅದು ವಿಚಿತ್ರವಾಗಿ ಕಾಣುತ್ತದೆ. ಬಿಡಿಸಲಾಗದ ಚಟ ಎಂದು ಒಪ್ಪಿದ ಮೇಲೆ, ಅದು ಶುರುವಾಗುವ ವಯಸ್ಸಿನ ಮರಿಗಳತ್ತ ಗಮನ ಹೆಚ್ಚಬೇಕಲ್ಲವೇ? ಹಳೆಯ ಕುದುರೆಯ ಕತ್ತಿಗೆ ಪಟ್ಟಿ ಬಿಗಿಯುವುದರಿಂದ ಅದರ ಒಳಗಿನ ಒತ್ತಡ ಹೋಗುವುದಿಲ್ಲ, ಇದ್ದ ಒಂದೇ ದಾರಿ ಮುಚ್ಚುತ್ತದೆ. ಅದಕ್ಕೆ ಹುಲ್ಲು ಸದಾ ಇರುವಂತೆ ನೋಡಿಕೊಂಡು, ಕಚ್ಚುವುದನ್ನು ಅದರ ಪಾಡಿಗೆ ಬಿಡುವುದು ಮೇಲು. ಕೈಯಿಂದ ತಿನ್ನಿಸಿದರೆ ಕುದುರೆ ಮನುಷ್ಯರನ್ನು ಕಚ್ಚುವುದನ್ನು ಕಲಿಯುತ್ತದೆ ಎಂಬ ಇನ್ನೊಂದು ಆಕ್ಷೇಪ ಸರಿಯಾದದ್ದೇ. ಎನ್‌ರಿಚ್‌ಮೆಂಟಿನ ತಿರುಳು ಇರುವುದು ಮನುಷ್ಯನ ಕೈಯನ್ನು ನಡುವಿನಿಂದ ತೆಗೆಯುವುದರಲ್ಲಿ. ಕ್ಯಾರೆಟ್ಟನ್ನು ಅಂಗೈಯಲ್ಲಿ ಹಿಡಿದು ಮುದ್ದಿಸುವ ಬದಲು ಹುಲ್ಲಿನೊಳಗೆ ಬಚ್ಚಿಡಿ. ಉದ್ದುದ್ದಕ್ಕೆ ಸೀಳಿ ಇಡಿ, ಬಿಲ್ಲೆಯಾಗಿ ಕೊಯ್ದರೆ ಗಂಟಲಲ್ಲಿ ಕೂರುತ್ತದೆ.

ಇದೆಲ್ಲ ಪರದೇಶದ ಹೊಸ ಗೀಳು ಎನ್ನುವವರು ನಮ್ಮ ಲಾಯಗಳ ಇತಿಹಾಸ ಮರೆತವರು. ಬ್ರಿಟಿಷರ ಕಾಲದ ಕಂಟೋನ್ಮೆಂಟುಗಳಲ್ಲಿ ಕುದುರೆಗೆ ಒಬ್ಬ ಸೈಸ್ ಇದ್ದಂತೆ ಹುಲ್ಲು ತರಲೆಂದೇ ಬೇರೆ ಆಳು ಇರುತ್ತಿದ್ದ. ಅವನು ದಿನವೂ ಬಯಲಿಗೆ ಹೋಗಿ ಗರಿಕೆಯನ್ನು ಕುರ್ಪಿಯಿಂದ ಬೇರು ಸಮೇತ ಕೆತ್ತಿ, ಮಣ್ಣು ಕೊಡವಿ ತರುತ್ತಿದ್ದ. ಆ ಕಟ್ಟಿನಲ್ಲಿ ಗರಿಕೆಯ ಜೊತೆ ಹತ್ತೆಂಟು ಬಗೆಯ ಕಳೆ, ಎಲೆ, ಬೇರು ಇರುತ್ತಿದ್ದವು. ಕುದುರೆ ಅವನ್ನು ತುಟಿಯಲ್ಲಿ ಆರಿಸಿ, ಮಣ್ಣು ಜಾಡಿಸಿ, ನಾರು ಅಗಿದು ಗಂಟೆಗಟ್ಟಲೆ ಕಳೆಯುತ್ತಿತ್ತು. ಯಾರೂ ಅದಕ್ಕೆ ದೊಡ್ಡ ಹೆಸರಿಡಲಿಲ್ಲ. ನಗರ ಬೆಳೆದು ಹುಲ್ಲುಗಾವಲು ಹೋಯಿತು, ಚೀಲದಲ್ಲಿ ಬರುವ ಗುಳಿಗೆಯ ಮೇವು ಬಂತು, ಎರಡು ಗಂಟೆಯ ತಿನ್ನುವ ಕೆಲಸ ಇಪ್ಪತ್ತು ನಿಮಿಷಕ್ಕೆ ಇಳಿಯಿತು. ಹಾಗಂತ ಹಳೆಯದೆಲ್ಲ ಚಿನ್ನವೂ ಅಲ್ಲ. ಬೂಸಾವನ್ನು ತಿಂಗಳುಗಟ್ಟಲೆ ಹೆಚ್ಚು ಕೊಟ್ಟರೆ ಅದರ ರಂಜಕ ಸುಣ್ಣದಂಶವನ್ನು ಕುಗ್ಗಿಸಿ ಮೂಳೆ ಕೆಡಿಸುತ್ತದೆ, ದವಡೆ ಊದಿಸುತ್ತದೆ. ರಸ್ತೆಬದಿಯಿಂದ ತಂದ ಸೊಪ್ಪನ್ನು ವೈವಿಧ್ಯವೆಂದು ಕಣ್ಣುಮುಚ್ಚಿ ಹಾಕುವಂತಿಲ್ಲ. ಕಣಗಿಲೆಯ ಕೆಲವು ಎಲೆ ಸಾಕು ಕುದುರೆಯ ಜೀವ ತೆಗೆಯಲು. ಹರಳು ಬೀಜ ಕುದುರೆಗೆ ಕಡು ವಿಷ. ಎಳೆಯ ಜೋಳದ ಪೈರೂ ಅಪಾಯವೇ. ಮರಳು ನೆಲದಲ್ಲಿ ಹುಲ್ಲು ಚೆಲ್ಲಿ ತಿನ್ನಿಸಿದರೆ ಮರಳು ಕರುಳಿನಲ್ಲಿ ಶೇಖರವಾಗುತ್ತದೆ. ಬೇಕಾದ ತಿಳಿವಳಿಕೆ ಇಷ್ಟು, ಒಂದು ಪುಟದಲ್ಲಿ ಬರೆದು ಲಾಯದ ಬಾಗಿಲಿಗೆ ಅಂಟಿಸಬಹುದಾದಷ್ಟು.

ಉಳಿಯುವುದು ಕೆಲಸದ ಪ್ರಶ್ನೆ, ಇದಕ್ಕೆ ನನ್ನ ಬಳಿ ಸುಲಭದ ಉತ್ತರವಿಲ್ಲ. ಎನ್‌ರಿಚ್‌ಮೆಂಟ್ ಬೇಕು ಎನ್ನುವವರು ಪಶುವೈದ್ಯರು, ಮಾಲೀಕರು, ನನ್ನಂಥ ಬರೆಯುವವರು. ನೆಟ್ಟು ತುಂಬುವವನು, ಮೂರು ಮೂಲೆಗೆ ಹುಲ್ಲು ಹಂಚುವವನು, ತುಳಿದು ಹಾಳಾದದ್ದನ್ನು ಲದ್ದಿಯ ಜೊತೆ ಬಾಚುವವನು ಸೈಸ್. ಅವನ ಕೈಕೆಳಗೆ ಒಂದಕ್ಕಿಂತ ಹೆಚ್ಚು ಕುದುರೆ, ಅವನ ದಿನ ನಸುಕಿಗೂ ಮುಂಚೆ ಶುರು. ಸಂಜೆಯ ಊಟ ಹಾಕಿ ಅವನು ಮನೆಗೆ ಹೊರಟ ಮೇಲೆ ಬೆಳಗಿನ ಜಾವದವರೆಗೆ ಇರುವುದೇ ಕುದುರೆಯ ಅತಿ ದೀರ್ಘ ಉಪವಾಸ. ಹುಣ್ಣಿಗೂ ಚಟಕ್ಕೂ ಹೆಚ್ಚು ಎಡೆ ಸಿಗುವುದು ಆ ಹೊತ್ತಿನಲ್ಲಿ. ಸಣ್ಣ ಕಣ್ಣಿನ ನೆಟ್ಟನ್ನು ನಾನು ಎಲ್ಲಕ್ಕಿಂತ ಮುಂದಿಡುವುದು ಅದು ಸಂಜೆಯ ಹುಲ್ಲನ್ನು ನಡುರಾತ್ರಿಯವರೆಗೆ ಎಳೆಯುತ್ತದೆ ಎಂಬುದಕ್ಕಾಗಿ. ಅಲ್ಲಿಂದ ಮುಂದಕ್ಕೆ ಇನ್ನೊಂದು ಕಂತೆ ಹಾಕಲು ಮನುಷ್ಯನೇ ಬೇಕು, ಅವನಿಗೆ ಆ ಹೊತ್ತಿನ ಕೂಲಿ ಬೇಕು. ವಿದೇಶಿ ಚೆಂಡಿಗೆ ಹಾಕುವ ದುಡ್ಡನ್ನು ಮೊದಲು ರಾತ್ರಿ ಪಾಳಿಯ ಒಬ್ಬನ ಸಂಬಳಕ್ಕೆ ಹಾಕಿ ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದೆ. ಹೆಚ್ಚಿನವರು ಚೆಂಡನ್ನೇ ಕೊಂಡರು.